ನಿನ್ನ ನಾಟಕದ ಚಿನ್ನದ ಗಣಿ: ಮಗಳಿಗೊಂದು ಪತ್ರ

ಕಲಬುರಗಿ

ಮಗಳಿಗೆ ಅವ್ವನ ಆಶೀರ್ವಾದ.

ನೀ ಕಳಿಸಿದ ನಾಟಕ ಪೂರಾ ಓದೀನಿ. ನಿಮ್ಮಪ್ಪ ಎರಡನೇ ಅಂಕ ಗಟ್ಟಿಯಾಗಿ ಓದಿ, ನಡುನಡುವೆ ತಾವೇ ನಕ್ಕರು. "ಚಂದ ಆಗ್ಯಾದ" ಅಂತ ಬರೆದು ಮುಗಿಸಬಹುದಿತ್ತು. ಆದ್ರ ನೀ ಖರೇ ಹೇಳು ಅಂದಿದಿ, ಅದಕ್ಕ ಈ ಉದ್ದನ್ನ ಪತ್ರ.

ಪ್ರೀತಿಯ ಭಾಗಕ್ಕ ನಾ ಕೈ ಹಚ್ಚಂಗಿಲ್ಲ. ಆ ಹುಡುಗಿ ಹುಡುಗನ ಹರದ ಅಂಗಿ ನೋಡಿ ಏನೂ ಮಾತಾಡದೆ ಸೂಜಿ ಹುಡುಕೋದು ಭಾಳ ಹಿಡಿಸ್ತು. ನನ್ನ ತಕರಾರು ದ್ರೋಹದ ಬಗ್ಗೆ ಅದ. ಅಮೆರಿಕದ ಗಡಿಸೀಮೆ, ಚಿನ್ನದ ಗಣಿ, ಇಬ್ಬರು ಪಾಲುದಾರರು, ಕಡೆಗೆ ಒಬ್ಬ ಇನ್ನೊಬ್ಬನ ಬೆನ್ನಿಗೆ ಗುಂಡು ಹೊಡೀತಾನ. ಆ ಗುಂಡು ಹೊಡಿಯಾವ ಮೊದಲನೇ ದೃಶ್ಯದಾಗೇ ಮೀಸಿ ತಿರುವಿಕೋತ ಬರ್ತಾನ. ಶರಣಬಸಪ್ಪನ ಜಾತ್ರ್ಯಾಗ ಟೆಂಟ್ ಹಾಕ್ತಿದ್ದ ಕಂಪನಿ ನಾಟಕದಾಗ ಇಂಥವರನ್ನ ರಗಡ ನೋಡೀನಿ. ಅವ ಬಂದ ಕೂಡ್ಲೇ ಮುಂದ ಕೂತ ಹುಡುಗರು ಸೀಟಿ ಹೊಡೀತಿದ್ರು. ಅವನ ಮ್ಯಾಲೆ ಯಾರಿಗೂ ನಂಬಿಕಿನೇ ಇರ್ತಿರಲಿಲ್ಲ. ನಂಬಿಕಿನೇ ಇಲ್ಲಂದ್ರ ಅವ ಮುರಿಯೋದಾದ್ರೂ ಏನನ್ನ?

ಸಬ್‌ರಜಿಸ್ಟ್ರಾರ್ ಕಚೇರ್ಯಾಗ ನೌಕರಿ ಮಾಡಿ ನಿವೃತ್ತಿ ಆದಾಕಿ ನಾನು. ಅಲ್ಲಿ ಮೀಸಿ ತಿರುವಿದವರು ಮೋಸ ಮಾಡಿದ್ದು ನೋಡಿಲ್ಲ. ಮುದುಕಿ ಅತ್ತಿಯ ಎಡಗೈ ಹೆಬ್ಬೆಟ್ಟು ಮೆಲ್ಲಕ ಹಿಡಿದು, ಶಾಹಿ ಹಚ್ಚಿ, ಕಾಗದದ ಮ್ಯಾಲೆ ಒತ್ತಿಸಿ, ಆಮ್ಯಾಲೆ ತನ್ನ ಟವಲಿನಿಂದ ಆ ಬೆರಳು ಒರೆಸಿದ ಅಳಿಯನ್ನ ನೋಡೀನಿ. ಆಕಿ "ದೇವರಂಥವ" ಅಂತ ನಮಗೇ ಹೇಳಿದ್ಳು. ಸೇಡಂ, ಚಿತ್ತಾಪುರದ ಕಡೆ ಹೊಲದ ಮ್ಯಾಲೆ ತೊಗರಿ ಇರ್ತದ, ಕೆಳಗ ಸುಣ್ಣಕಲ್ಲಿರ್ತದ. ಕಾಗದಕ್ಕ ಸಹಿ ಹಾಕಾವ್ರು ಎಷ್ಟೋ ಸಲ ತೊಗರಿಯ ಬೆಲಿಗೆ ಕಲ್ಲನ್ನೂ ಕೊಟ್ಟು ಹೋಗ್ತಿದ್ರು. ಕಲ್ಲಿನ ಬೆಲಿ ಗೊತ್ತಿದ್ದಾವ ಮನಿಯವನೇ ಆಗಿರ್ತಿದ್ದ, ಓದಿ ಹೇಳಾವನೂ ಅವನೇ.

ನಿನ್ನ ಕ್ಯಾಲಿಫೋರ್ನಿಯಾದಾಗೂ ಹಂಗೇ ನಡದದ. 1848ರ ಜನವರಿ 24ಕ್ಕ ಜೇಮ್ಸ್ ಮಾರ್ಷಲ್ ಅನ್ನಾವ ಸಟರ್ ಅನ್ನೋ ಜಮೀನ್ದಾರನ ಕಟಗಿ ಕೊಯ್ಯೋ ಗಿರಣಿಯ ಕಾಲುವ್ಯಾಗ ಚಿನ್ನದ ಚೂರು ಕಂಡ. ಕಂಡಾವನೂ ಸಾಹುಕಾರ ಆಗಲಿಲ್ಲ, ಗಿರಣಿ ಮಾಲಕನೂ ಆಗಲಿಲ್ಲ. ಸಟರನ ಆಳುಗಳೆಲ್ಲ ಚಿನ್ನ ಹುಡುಕಲಿಕ್ಕೆ ಓಡಿದ್ರು, ಬಂದ ಮಂದಿ ಅವನ ಭೂಮಿ ಆಕ್ರಮಿಸಿದ್ರು. ರೊಕ್ಕ ಮಾಡಿದಾವ ಸ್ಯಾಮ್ ಬ್ರಾನನ್ ಅನ್ನೋ ಅಂಗಡಿಯಾವ. ಸಲಿಕಿ, ಬುಟ್ಟಿ, ತಾಟು ಎಲ್ಲಾ ಮೊದಲು ತನ್ನ ಅಂಗಡ್ಯಾಗ ತುಂಬಿಸಿಕೊಂಡ. ಆಮ್ಯಾಲೆ ಸ್ಯಾನ್ ಫ್ರಾನ್ಸಿಸ್ಕೋದ ಓಣ್ಯಾಗ ಚಿನ್ನದ ಪುಡಿಯ ಬಾಟ್ಲಿ ಎತ್ತಿ ಹಿಡಿದು "ಚಿನ್ನ! ಚಿನ್ನ!" ಅಂತ ಒದರಿಕೋತ ಅಡ್ಡಾಡಿದ. ಒಂದು ಸುಳ್ಳೂ ಹೇಳಲಿಲ್ಲ ನೋಡು. ಇಂಥಾವ ನಿನ್ನ ನಾಟಕದಾಗ ಬರೀ ಚಾದಂಗಡಿಯಾವನಾಗಿ ಎರಡು ಮಾತಾಡಿ ಹೋಗ್ಯಾನ. ಪಾಪ, ಅವನಿಗೆ ಅನ್ಯಾಯ ಆಗ್ಯಾದ.

ಅಷ್ಟು ದೂರ ಹೋಗೋದೂ ಬ್ಯಾಡ. ನಮ್ಮ ಕಲಬುರಗಿ, ಬೀದರ, ರಾಯಚೂರು ಎಲ್ಲಾ ನಿಜಾಮನ ರಾಜ್ಯದಾಗಿದ್ದಾಗ, 1886ರಾಗ, ಆ ಇಡೀ ರಾಜ್ಯದ ಗಣಿ ಹಕ್ಕನ್ನ 99 ವರ್ಷಕ್ಕ ಇಬ್ಬರು ಇಂಗ್ಲಿಷರಿಗೆ, ವಾಟ್ಸನ್ ಮತ್ತ ಸ್ಟೀವರ್ಟ್‌ಗೆ, ಬರೆದುಕೊಟ್ರು. ನಿಜಾಮನ ಪರವಾಗಿ ಲಂಡನ್ನಿನಾಗ ವ್ಯವಹಾರ ಕುದುರಿಸಿದಾವ ಅಬ್ದುಲ್ ಹಕ್, ನಿಜಾಮನದೇ ದೊಡ್ಡ ಅಧಿಕಾರಿ. ಕಂಪನಿ ಎದ್ದಿತು: 10 ಲಕ್ಷ ಪೌಂಡಿನ ಬಂಡವಾಳ, 10 ಪೌಂಡಿನ 1 ಲಕ್ಷ ಷೇರು. ಅದರಾಗ 85,000 ಷೇರು ಗಣಿ ಹಕ್ಕು ಪಡೆದವರ ಪಾಲಿಗೇ ಹೋದವು, ರೊಕ್ಕ ಕೊಡದಿದ್ರೂ ಪೂರಾ ಕೊಟ್ಟಂಗ ಲೆಕ್ಕ ಬರೆದು. ಖರೇ ರೊಕ್ಕ ಹಾಕಿ ನೆಲ ಅಗೀಲಿಕ್ಕೆ ಉಳಿದದ್ದು ಬಾಕಿ 15,000 ಅಷ್ಟೇ. ಹಕ್ಕು ಪಡೆದವರ ಆ ಪಾಲಿನಾಗ ಅಬ್ದುಲ್ ಹಕ್‌ನಿಗೂ ಗುಪ್ತವಾಗಿ ಭಾಗ ಇತ್ತು. ತನ್ನ ಷೇರನ್ನೇ ತನ್ನ ಧಣಿಯ ಸರ್ಕಾರಕ್ಕ ಹೆಚ್ಚಿನ ಬೆಲಿಗೆ ಮಾರಿದ! ಕೊಡಾವನೂ ಅವನೇ, ಕೊಳ್ಳಾವರ ಪರವಾಗಿ ನಿಂತಾವನೂ ಅವನೇ. 1888ರಾಗ ಇದು ಬ್ರಿಟಿಷ್ ಪಾರ್ಲಿಮೆಂಟಿನ ಸಮಿತಿ ಮುಂದ ವಿಚಾರಣಿಗೆ ಬಂತು, ಅಬ್ದುಲ್ ಹಕ್‌ನ ಅಧಿಕಾರ ಹೋಯ್ತು. ಇಷ್ಟೆಲ್ಲಾ ನಡೀತಿದ್ದಾಗ ಸಲಿಕಿ ಹಿಡಿದ ಮನುಷ್ಯ ಎಲ್ಲೂ ಇಲ್ಲ ಅನ್ನೋದು ಗಮನಿಸು. ಪಿಸ್ತೂಲೂ ಇಲ್ಲ. ಊಟದ ಮೇಜು, ಶಾಹಿ, ಸಹಿ.

ಇನ್ನ ನಿನ್ನ ಗಣಿ ಒಳಗ ಹೋಗೋಣು. ಹುಡುಗ ಗೋಡಿ ಕೆರೆದು ಮುಷ್ಟಿ ತುಂಬ ಚಿನ್ನದ ಗಟ್ಟಿ ತಗೀತಾನ ಅಂತ ಬರ್ದಿ. ಹೊಳ್ಯಾಗ ಅಂಥ ಚೂರು ಸಿಗಬಹುದು. ನಮ್ಮ ರಾಯಚೂರು ಕಡೆಯ ಹಟ್ಟಿಯಂಥ ಗಣ್ಯಾಗ ಹಂಗ ಸಿಗಂಗಿಲ್ಲ. ಅಲ್ಲಿ ಚಿನ್ನ ಬೆಣಚುಕಲ್ಲಿನ ಎಳಿಯೊಳಗ ಹೆಚ್ಚಾಗಿ ಕಣ್ಣಿಗೆ ಕಾಣದಂಗ ಕೂತಿರ್ತದ. ಒಂದು ಟನ್ ಅದಿರು ಮ್ಯಾಲೆ ತಂದು, ಒಡೆದು, ಹಿಟ್ಟಿನಂಗ ಅರೆದು, ಸಯನೈಡ್ ದ್ರಾವಣದಾಗ ಕರಗಿಸಿದ್ರ ಕೈಗೆ ಬರೋದು ಕೆಲವೇ ಗ್ರಾಂ. ಹಂಗಿದ್ದ ಮ್ಯಾಲೆ ಅಲ್ಲಿ ಚಿನ್ನ ಅದ ಅನ್ನೋದು ಯಾರ ಕಣ್ಣಿಗೂ ಕಾಣೋ ಮಾತಲ್ಲ, ಪ್ರಯೋಗಶಾಲೆಯ ಚೀಟಿ ಹೇಳೋ ಮಾತು. ಎಲ್ಲರೂ ಆ ಚೀಟಿ ನಂಬಿ ಕೂತಿರ್ತಾರ.

ಇನ್ನೊಂದು. ನಾಟಕ ಹಟ್ಟಿಗೆ ತರ್ತಿ, ಕಾಲ ಹಿಂದಿಂದೇ ಇಡ್ತಿ ಅಂದ್ರ ನಾಯಕಿ ಕಂದೀಲ ಹಿಡಕೊಂಡು ರಾತ್ರಿ ಗಣಿಗೆ ಇಳಿಯೋ ದೃಶ್ಯ ಬಿಡಬೇಕಾಗ್ತದ. 1952ರ ಗಣಿ ಕಾಯ್ದೆಯ 46ನೇ ಕಲಮು ಹೆಂಗಸರಿಗೆ ನೆಲದೊಳಗಿನ ಕೆಲಸ ನಿಷೇಧಿಸಿತ್ತು. 2019ರಾಗಷ್ಟೇ ಸಡಿಲ ಆತು, ಅದೂ ಆಗ ತಾಂತ್ರಿಕ ಮತ್ತ ಮೇಲ್ವಿಚಾರಣೆ ಕೆಲಸಕ್ಕ, ಹಗಲಿನಾಗ. ಆದ್ರ ಆಕಿ ನೆಲದ ಮ್ಯಾಲೆ ಇದ್ರೇ ಕಥಿ ಬಲ ಆಗ್ತದ ಅಂತ ನನಗನಸ್ತದ. ಆಕಿನ್ನ ಮಾದರಿ ಕಟ್ಟೋ ಕೋಣ್ಯಾಗ ಕೂಡಿಸು. ಕೊರೆದು ತಂದ ಕಲ್ಲಿನ ಕಂಬಿಗೆ ನಂಬರ ಹಾಕಿ, ಅರ್ಧ ಪೆಟಗ್ಯಾಗ ಇಟ್ಟು, ಅರ್ಧ ಚೀಲದಾಗ ಕಟ್ಟಿ, ಅರಗಿನ ಮುದ್ರಿ ಒತ್ತಾಕಿ. ಆಕಿ ಮುದ್ರಿ ಇದ್ರ ಯಾರೂ ಮತ್ತ ಕೇಳಂಗಿಲ್ಲ.

ಬ್ರೆ-ಎಕ್ಸ್ ಅನ್ನೋ ಕೆನಡಾ ಕಂಪನಿಯ ಕಥಿ ಹುಡುಕಿ ಓದು. ಇಂಡೋನೇಷ್ಯಾದ ಬುಸಾಂಗ್ ಅನ್ನೋ ಕಾಡಿನಾಗ ಜಗತ್ತಿನ ದೊಡ್ಡ ಚಿನ್ನದ ನಿಕ್ಷೇಪ ಸಿಕ್ಕದ ಅಂದ್ರು. ಕಂಪನಿಯ ಬೆಲಿ ನೂರಾರು ಕೋಟಿ ಡಾಲರಿಗೆ ಏರಿತು. 1997ರಾಗ ಬ್ಯಾರೆಯವರು ಪರೀಕ್ಷೆ ಮಾಡಿದ್ರ ಅಲ್ಲಿ ಏನೂ ಇರಲಿಲ್ಲ. ಯಾರೋ ಮಾದರಿ ಚೀಲಕ್ಕ ಚಿನ್ನದ ಪುಡಿ ಬೆರೆಸಿದ್ರು. ಅರ್ಧ ಕಂಬಿ ಉಳಸದೆ ಹೆಚ್ಚೂಕಡಿಮಿ ಎಲ್ಲಾ ಪುಡಿ ಮಾಡಿದ್ದಕ್ಕ ಹಿಂದಿರುಗಿ ನೋಡಲಿಕ್ಕೂ ಹೆಚ್ಚೇನೂ ಇರಲಿಲ್ಲ. ಸುಳಿವು ಕೊಟ್ಟದ್ದು ಕಣದ ಆಕಾರ. ಬೆರೆಸಿದ ಚಿನ್ನ ಹೊಳಿಯದು, ನೀರಿನಾಗ ಉರುಳಿ ಉರುಳಿ ಅಂಚು ಗುಂಡಗಾಗಿತ್ತು. ಕಲ್ಲಿನೊಳಗಿಂದ ಬಂದ ಕಣ ಹಂಗಿರಂಗಿಲ್ಲ.

ಈಗ ನಿನ್ನ ಹುಡುಗನ್ನ ಆ ಕೋಣಿ ಬಾಗಿಲಿಗೆ ತಂದು ನಿಲ್ಲಸು. ಅವ ಆಕಿ ಹತ್ರ ರೊಕ್ಕ ಕೇಳಬಾರದು, ಬಂಗಾರ ಕೇಳಬಾರದು. ದಿನಾ ಸಂಜಿಗೆ ಮಿರ್ಚಿ ಭಜಿ ತರಲಿ. "ನೀ ಕೈ ತೊಳಕೊಂಡು ಬಾ, ಅಲ್ಲಿತನ ನಾ ಚೀಲ ನೋಡ್ಕೋತೀನಿ" ಅನ್ನಲಿ. ಅಷ್ಟೇ ಸಾಕು. ಅವ ಆಕಿನ್ನ ಪ್ರೀತಿ ಮಾಡೋದು ಸುಳ್ಳು ಅಂತ ಮಾತ್ರ ಬರೀಬ್ಯಾಡ. ಪ್ರೀತಿನೂ ಖರೇ ಇರಲಿ, ಚೀಲಕ್ಕ ಕೈ ಹಾಕಿದ್ದೂ ಖರೇ ಇರಲಿ. ಟವಲಿನಿಂದ ಬೆರಳು ಒರೆಸಿದ ಆ ಅಳಿಯ ಅತ್ತಿಯ ದವಾಖಾನಿ ಖರ್ಚು ಕಡೀತನ ತಾನೇ ನೋಡಿದ, ಗೊತ್ತೇನು? ಇದು ನನಗ ಇನ್ನೂ ಬಗೆಹರಿದಿಲ್ಲ, ನೀನರ ಬಗೆಹರಸು.

ಒಂದಿನ ಆಕಿ ಭೂತಗನ್ನಡಿ ಕೆಳಗ ಗುಂಡನ್ನ ಕಣ ನೋಡ್ತಾಳ. ಮರುದಿನ ಸಾಹೇಬರು ಬಂದು "ಈ ಮುದ್ರಿ ನಿಂದೇ ಏನು?" ಅಂತ ಕೇಳ್ತಾರ. ಹೌದಂದ್ರ ತಾ ಸಿಗ್ತಾಳ, ಅಲ್ಲಂದ್ರ ಅವ ಸಿಗ್ತಾನ. ಮೂರನೇ ಅಂಕ ಅಲ್ಲಿಂದ ಬರಿ. ಆಕಿ ಏನಂತಾಳ ಅನ್ನೋದಕ್ಕ ನಿಮ್ಮಪ್ಪಂದು ಒಂದು, ನಂದೊಂದು ಅಭಿಪ್ರಾಯ ಅವ. ಎರಡೂ ನಿನಗ ಹೇಳಂಗಿಲ್ಲ.

ರಜಾಕ್ಕ ಬಂದಾಗ ಜೇವರ್ಗಿ, ಶಹಾಪುರ, ಸುರಪುರ ಹಿಡಿದು ಲಿಂಗಸುಗೂರಿಗೆ ಹೋಗೋಣು. ಹಟ್ಟಿ ಗಣ್ಯಾಗ ನಮ್ಮನ್ನ ಒಳಗ ಬಿಡ್ತಾರೋ ಇಲ್ಲೋ, ಮಸ್ಕಿಯ ಬಂಡೆಗಲ್ಲು ನೋಡಲಿಕ್ಕಂತೂ ಯಾರೂ ಬ್ಯಾಡ ಅನ್ನಂಗಿಲ್ಲ. ಅಶೋಕನ ಹೆಸರಿರೋ ಶಾಸನ ಅಲ್ಲಿ 1915ರಾಗ ಸಿಕ್ಕಿದ್ದು ಬೀಡನ್ ಅನ್ನೋ ಚಿನ್ನದ ಗಣಿ ಎಂಜಿನಿಯರನಿಗೆ. ಬರೋ ತಾರೀಖು ಮೊದಲೇ ತಿಳಿಸು, ನಿಮ್ಮಪ್ಪ ಗಾಡಿ ರಿಪೇರಿಗೆ ಬಿಟ್ಟಾರ.

ನಿನ್ನ ಅವ್ವ