ಮಾಸ್ಕಿಗೆ ನನ್ನನ್ನು ಒಗ್ಗಿಸಿದವರಿಗೆ

ನಿದ್ದೆಯಲ್ಲಿ ಉಸಿರು ಕಟ್ಟದಂತೆ ಮಾಸ್ಕಿನ ಮೂಲಕ ಒತ್ತಡದಲ್ಲಿ ಗಾಳಿ ಕೊಡುವ ಸಿಪ್ಯಾಪ್ ಯಂತ್ರ ಹಾಕಿಕೊಂಡು ಮಲಗಲು ಆರಂಭಿಸಿ ಈ ತಿಂಗಳಿಗೆ ಒಂದು ವರ್ಷ ತುಂಬಿತು. ಈಗ ಬೆಳಿಗ್ಗೆ ಏಳುವಾಗ ತಲೆ ಸಿಡಿಯುವುದಿಲ್ಲ, ಮಧ್ಯಾಹ್ನದ ಪಾಠದ ನಡುವೆ ಜೋಂಪು ಹತ್ತುವುದಿಲ್ಲ. ಇದಕ್ಕೆ ಕಾರಣರಾದವರನ್ನು ಎಲ್ಲರೆದುರು ನೆನೆಯಬೇಕು ಅನ್ನಿಸಿತು.

ಮೊದಲು ನನ್ನ ಅಕ್ಕ. ಮದುವೆ ಮನೆಯಲ್ಲಿ ಪಕ್ಕದಲ್ಲಿ ಮಲಗಿದ್ದವಳು, ನನ್ನ ಗೊರಕೆ ತಟ್ಟನೆ ನಿಂತು, ಉಸಿರೂ ನಿಂತು, ಆಮೇಲೆ ನೀರಿನಿಂದ ಮೇಲೆದ್ದವಳಂತೆ ಗಾಳಿ ಎಳೆದುಕೊಳ್ಳುವುದನ್ನು ನೋಡುತ್ತ ರಾತ್ರಿಯಿಡೀ ಎದ್ದು ಕುಳಿತಿದ್ದಳು. ಅಲ್ಲಿಯವರೆಗೆ ನನ್ನ ಸುಸ್ತಿಗೆಲ್ಲ ಥೈರಾಯ್ಡ್, ರಕ್ತಹೀನತೆ, ವಯಸ್ಸು ಎಂದೇ ಕಾರಣ ಹೇಳುತ್ತಿದ್ದರು. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಸ್ಲೀಪ್ ಅಪ್ನಿಯಾ, ಅಂದರೆ ನಿದ್ದೆಯಲ್ಲಿ ಮತ್ತೆ ಮತ್ತೆ ಉಸಿರು ಕಟ್ಟುವ ಈ ಕಾಯಿಲೆ, ಹೆಚ್ಚುತ್ತದೆ. ಗೊರಕೆ ಗಂಡಸರ ಕಾಯಿಲೆ ಎಂದುಕೊಂಡ ಮನೆಗಳಲ್ಲಿ ಅದು ಯಾರ ಗಮನಕ್ಕೂ ಬರುವುದಿಲ್ಲ. ಅಕ್ಕ ಪಟ್ಟು ಹಿಡಿದು ಹುಬ್ಬಳ್ಳಿಗೆ ಕರೆದೊಯ್ದಳು.

ಅಲ್ಲಿನ ವೈದ್ಯರು ನಿದ್ರೆಯ ಪರೀಕ್ಷೆಯ ವರದಿಯನ್ನು ಸಾವಧಾನವಾಗಿ ಬಿಡಿಸಿ ಹೇಳಿದರು. ಉಸಿರು ಕಟ್ಟುವುದು ಅಥವಾ ತೀರ ಕುಗ್ಗುವುದು ಗಂಟೆಗೆ 30 ಸಲಕ್ಕೆ ಮುಟ್ಟಿದರೆ ತೀವ್ರ. ನನ್ನದು ಅದನ್ನೂ ದಾಟಿತ್ತು.

ಆದರೆ ನಿಜವಾದ ಕಷ್ಟ ಶುರುವಾದದ್ದು ಮಾಸ್ಕ್ ಬಂದ ಮೇಲೆ. ಬಿಗಿ ಮಾಡಿದಷ್ಟೂ ಗಾಳಿ ಸೋರಿ ಕಣ್ಣು ಒಣಗುತ್ತಿತ್ತು, ಮೂಗಿನ ಮೇಲೆ ಕೆಂಪು ಗಾಯ, ನುಂಗಿದ ಗಾಳಿಯಿಂದ ಹೊಟ್ಟೆ ಉಬ್ಬರ. ಬಿಟ್ಟೇಬಿಡುತ್ತೇನೆ ಎಂದು ಅತ್ತ ದಿನ ಯಂತ್ರದ ತಂತ್ರಜ್ಞ ಹುಡುಗ ಮನೆಗೆ ಬಂದ. ಕುಳಿತಾಗ ಸರಿ ಕೂರುವ ಮಾಸ್ಕ್ ಮಲಗಿದಾಗ ಜರುಗುತ್ತದೆ ಎಂದು, ನನ್ನನ್ನು ಮಲಗಿಸಿ, ಗಾಳಿ ಬಿಟ್ಟು, ಪಟ್ಟಿಗಳನ್ನು ಒಂದೊಂದಾಗಿ ಸಡಿಲಿಸಿದ. ಸೋರಿಕೆ ನಿಂತೇಹೋಯಿತು! ಒತ್ತಡ ಮೆಲ್ಲಗೆ ಏರುವಂತೆ ಹೊಂದಿಸಿಕೊಟ್ಟ. ಸಂಜೆ ಉತ್ತರ ಪತ್ರಿಕೆ ತಿದ್ದುವಾಗಲೂ ಹಾಕಿಕೊಂಡು ಕೂರಿ ಮೇಡಂ, ಮುಖಕ್ಕೆ ರೂಢಿಯಾಗಲಿ ಎಂದ. ಹಾಗೆಯೇ ರೂಢಿಯಾಯಿತು. ಆ ಹುಡುಗನ ತಾಳ್ಮೆಗೆ ನಾನು ಋಣಿ.

ನಮ್ಮ ಶಿರಸಿಯ ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದು. ನಮ್ಮ ಯಜಮಾನರು ಮಲಗುವ ಕೋಣೆಗೆ ಇನ್ವರ್ಟರ್ ಸಂಪರ್ಕ ಕೊಡಿಸಿದರು. ಯಂತ್ರದ ಕೊಳವೆ, ಗಾಳಿಗೆ ತೇವ ಕೊಡುವ ನೀರಿನ ತೊಟ್ಟಿ ತೊಳೆದು ಒಣಗಿಸುವ ಕೆಲಸವನ್ನೂ ತಾವೇ ವಹಿಸಿಕೊಂಡಿದ್ದಾರೆ. ಬೆಳಗಿನ ಮೊದಲ ಅವಧಿಗಳನ್ನು ತಿಂಗಳುಗಟ್ಟಲೆ ತೆಗೆದುಕೊಂಡ ಸಹೋದ್ಯೋಗಿಗಳನ್ನು ಮರೆಯಲಾರೆ.

ನಾನು ಕಾಣದ ಇನ್ನೊಬ್ಬರಿಗೂ ನಮಸ್ಕಾರ ಸಲ್ಲಬೇಕು. ಆಸ್ಟ್ರೇಲಿಯಾದ ವೈದ್ಯ ಕಾಲಿನ್ ಸಲಿವನ್ ಈ ಚಿಕಿತ್ಸೆಯನ್ನು 1981ರಲ್ಲಿ ಪ್ರಕಟಿಸಿದರು. ಅದಕ್ಕೂ ಮೊದಲು ತೀವ್ರ ಸ್ಥಿತಿಯವರಿಗೆ ಕತ್ತಿನಲ್ಲಿ ರಂಧ್ರ ಮಾಡಿ ಉಸಿರಾಟಕ್ಕೆ ದಾರಿ ಕೊಡಬೇಕಾಗುತ್ತಿತ್ತು.

ಶಿರಸಿಯ ಸುತ್ತಮುತ್ತ ಯಾರಿಗಾದರೂ ಹೊಸದಾಗಿ ಮಾಸ್ಕ್ ಬಂದಿದ್ದು, ಅದು ಹೊಂದುತ್ತಿಲ್ಲವಾದರೆ ದಯವಿಟ್ಟು ತಿಳಿಸಿ. ಶಾಲೆ ಮುಗಿದ ಮೇಲೆ ಬಂದು ಜೊತೆಗೆ ಕೂರುತ್ತೇನೆ.