ಆ ಮರ ತಾನಾಗಿ ಹುಟ್ಟಿದ್ದೋ, ನೆಟ್ಟದ್ದೋ? ಕೇಂದ್ರ ಪರಿಸರ ಸಚಿವರಿಗೆ ಒಂದು ಬಹಿರಂಗ ಪತ್ರ

ಕೇಂದ್ರ ಪರಿಸರ, ಅರಣ್ಯ ಮತ್ತು ಹವಾಮಾನ ಬದಲಾವಣೆ ಸಚಿವರಿಗೆ,

ನಮಸ್ಕಾರ.

ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯ ಹರ್ಬೇರಿಯಂನಲ್ಲಿ 3 ಲಕ್ಷಕ್ಕೂ ಜಾಸ್ತಿ ಒಣಗಿಸಿದ ಸಸ್ಯಗಳ ಹಾಳೆಗಳಿವೆ. ಹೌರಾದ ಕೇಂದ್ರ ರಾಷ್ಟ್ರೀಯ ಹರ್ಬೇರಿಯಂನಲ್ಲಿ ಸುಮಾರು 20 ಲಕ್ಷ. ಎರಡೂ ನಿಮ್ಮ ಸಚಿವಾಲಯದ ಕೆಳಗೇ ಬರುತ್ತವೆ. ಅಲ್ಲಿರುವ ಹಿಮಾಲಯದ ದೇವದಾರು ಮತ್ತು ಸೈಪ್ರಸ್ ಅನ್ನುವ ಮರಗಳ ಹಾಳೆಗಳ ಬಗ್ಗೆ ಈ ಪತ್ರ.

ಹಾಳೆಗೆ ಅಂಟಿಸಿದ ಕೊಂಬೆಯ ಪಕ್ಕ ಒಂದು ಚೀಟಿ ಇರುತ್ತದೆ. ಯಾರು ತಂದರು, ಯಾವತ್ತು, ಯಾವ ಜಾಗ, ಎಷ್ಟು ಎತ್ತರ ಅಂತ ಅದರಲ್ಲಿ ಬರೆದಿರುತ್ತಾರೆ. ಕೊಂಬೆ ನೋಡಿದರೆ ಮರ ಯಾವುದು ಅಂತ ತಿಳಿಯುತ್ತದೆ. ಅದು ಕಾಡಿನಲ್ಲಿ ತಾನಾಗಿ ಹುಟ್ಟಿದ್ದೋ, ಯಾರೋ ನೆಟ್ಟದ್ದೋ ಅನ್ನುವುದನ್ನು ಚೀಟಿ ಮಾತ್ರ ಹೇಳಬೇಕು. ಎಷ್ಟೋ ಹಳೆಯ ಚೀಟಿಗಳು ಹೇಳುವುದಿಲ್ಲ.

ಇದರಿಂದ ಏನಾಗುತ್ತದೆ ನೋಡಿ. 1867ರಲ್ಲಿ ಫ್ರಾನ್ಸಿನ ಸಸ್ಯಶಾಸ್ತ್ರಜ್ಞ ಕಾರಿಯೇರ್, ತೋಟದಲ್ಲಿ ಬೆಳೆಸಿದ ಒಂದು ಜೋಲು ಕೊಂಬೆಯ ಸೈಪ್ರಸ್ಸಿಗೆ ಕುಪ್ರೆಸಸ್ ಕ್ಯಾಶ್ಮೀರಿಯಾನಾ ಅಂತ ಹೆಸರಿಟ್ಟರು. ಕಾಶ್ಮೀರದ ಕಾಡಿನಲ್ಲಿ ಆ ಮರವೇ ಇಲ್ಲ. ಅದು ತಾನಾಗಿ ಬೆಳೆಯುವುದು ಭೂತಾನಿನಲ್ಲಿ ಮತ್ತು ನಮ್ಮ ಅರುಣಾಚಲ ಪ್ರದೇಶದಲ್ಲಿ. ಭೂತಾನಿನಲ್ಲಿ ಬೌದ್ಧ ಮಂದಿರಗಳ ಸುತ್ತಲೂ ಅದನ್ನು ನೆಡುತ್ತ ಬಂದಿದ್ದಾರೆ. ಹೀಗಾಗಿ ಅದರ ನಿಜವಾದ ನೆಲೆ ಬಹಳ ಕಾಲ ಸ್ಪಷ್ಟವಾಗಲಿಲ್ಲ.

ಉತ್ತರಾಖಂಡದ ಕುಮಾವೂನಿನವರು ಸುರೈ ಅನ್ನುವ ಸೈಪ್ರಸ್ ನೈನಿತಾಲ್ ಸುತ್ತಲಿನ ಸುಣ್ಣಕಲ್ಲಿನ ಇಳಿಜಾರುಗಳಲ್ಲಿ ತಾನಾಗಿ ಬೆಳೆಯುತ್ತದೆ. ಅದನ್ನು ತೋಟಗಳಲ್ಲೂ ನೆಟ್ಟಿದ್ದಾರೆ. ಊಟಿಯಲ್ಲಿ ಸೈಪ್ರಸ್ ನೋಡಿದ ನಮಗೂ ಅದು ಅಲ್ಲಿಯದೇ ಮರ ಅನ್ನಿಸಿಬಿಡುತ್ತದೆ, ಅಲ್ವಾ? ಅಲ್ಲಿರುವುದೆಲ್ಲ ನೆಟ್ಟದ್ದೇ. ಬಿಸಿ ಏರಿದಂತೆ ಕಾಡಿನ ಮರಗಳು ಬೆಟ್ಟದ ಮೇಲಕ್ಕೆ ಸರಿಯುತ್ತಿವೆಯೇ ಅಂತ ನೋಡಲು ಹಳೆಯ ಚೀಟಿಯಲ್ಲಿರುವ ಎತ್ತರವೂ ಒಂದು ಆಧಾರ. ನೆಟ್ಟ ಮರಗಳು ಅದರಲ್ಲಿ ಸೇರಿಕೊಂಡರೆ ಲೆಕ್ಕವೇ ಕೆಡುತ್ತದೆ.

ಆದ್ದರಿಂದ ಎರಡು ಕೆಲಸ ಮಾಡಿಸಿ. ಹಾಳೆಗಳನ್ನು ಕಂಪ್ಯೂಟರಿಗೆ ಏರಿಸುವಾಗ ಸುಮ್ನೆ ಫೋಟೋ ಹಾಕಿ ಬಿಡಬೇಡಿ. ‘ಕಾಡಿನದು’, ‘ನೆಟ್ಟದ್ದು’, ‘ತಿಳಿಯದು’ ಅಂತ ಪ್ರತಿ ಹಾಳೆಗೂ ನಮೂದಿಸಲಿ. ಇದಕ್ಕೆ ಹಳೆಯ ಕೈಬರಹ ಓದಬಲ್ಲ, ಆ ಬೆಟ್ಟಗಳನ್ನು ಬಲ್ಲ ಜನ ಬೇಕು. ಸಸ್ಯಗಳನ್ನು ಗುರುತಿಸಲು ಕಲಿತ ಯುವಕ ಯುವತಿಯರಿಗೆ ಈ ಕೆಲಸ ಕೊಡಿ, ಸರಿಯಾದ ಸಂಬಳವನ್ನೂ ಕೊಡಿ.

ಎರಡನೆಯದು ಇನ್ನೂ ಅವಸರದ್ದು. 2023ರ ಅರಣ್ಯ ಕಾನೂನಿನ ತಿದ್ದುಪಡಿ, ಗಡಿಯಿಂದ 100 ಕಿಲೋಮೀಟರ್ ಒಳಗೆ ದೇಶದ ಭದ್ರತೆಗೆ ಬೇಕಾದ ರಸ್ತೆಗಳಿಗೆ ಅರಣ್ಯ ಅನುಮತಿಯಿಂದ ವಿನಾಯಿತಿ ಕೊಟ್ಟಿದೆ. ಉತ್ತರಾಖಂಡ, ಹಿಮಾಚಲದ ಎಷ್ಟೋ ದೇವದಾರು ಕಾಡುಗಳು ಆ ಅಂತರದೊಳಗೇ ಇವೆ. ಆ ಮರಗಳನ್ನು ಕಡಿಯುವುದೇ ಬೇಡ ಅನ್ನುವುದು ನನ್ನ ಮಾತು. ನಿಮ್ಮ ಸರ್ಕಾರ ಕಡಿಯಲೇಬೇಕು ಅಂದರೆ, ಗರಗಸ ಮುಟ್ಟುವ ಮೊದಲು ಕೊಂಬೆ, ಕಾಯಿ, ಜಾಗದ ವಿವರ ಸಮೇತ ಮಾದರಿಗಳು ಡೆಹ್ರಾಡೂನ್ ತಲುಪಬೇಕು. ಗಂಗೋತ್ರಿ ರಸ್ತೆಯ ದೇವದಾರುಗಳಿಂದಲೇ ಶುರು ಮಾಡಿಸಿ.

ಇಂತಿ,
ಬೆಂಗಳೂರಿನ ಒಬ್ಬ ಸಸ್ಯಪ್ರೇಮಿ