ಟ್ರೇಲರ್‌ಗೆ ಪಿಕಪ್ ಕೊಳ್ಳೋರು ದಯವಿಟ್ಟು ಓದಿ

ಎಲ್ಲರಿಗೂ ನಮಸ್ಕಾರ. ಕ್ಯಾಂಪಿಂಗ್ ಟ್ರೇಲರ್ ಎಳೆಯೋಕೆ ಸೆಕೆಂಡ್ ಹ್ಯಾಂಡ್ ಫೋರ್ಡ್ ಎಫ್-150 ಪಿಕಪ್ ಹುಡುಕ್ತಿರೋರು ಹಿಂದಿನ ಆಕ್ಸಲ್‌ನ ಗೇರ್ ರೇಶಿಯೊ ನೋಡದೆ ಅಡ್ವಾನ್ಸ್ ಕೊಡಬೇಡಿ. ನೋಡೋಕೆ ಅವಳಿ-ಜವಳಿ ಥರ ಇರೋ ಎರಡು ಗಾಡಿಗಳಲ್ಲಿ ಒಂದಕ್ಕೆ 3.31, ಇನ್ನೊಂದಕ್ಕೆ 3.73 ಇರಬಹುದು. 3.73 ಅಂದ್ರೆ ಚಕ್ರ ಒಂದು ಸುತ್ತು ಬರೋಕೆ ಡ್ರೈವ್ ಶಾಫ್ಟ್ (ಎಂಜಿನ್ ಶಕ್ತಿನ ಆಕ್ಸಲ್‌ಗೆ ಒಯ್ಯೋ ದಂಡ) 3.73 ಸುತ್ತು ತಿರುಗಬೇಕು. ಅದೇ ಎಂಜಿನ್, ಅದೇ ಗೇರ್‌ನಲ್ಲಿ 3.31ಕ್ಕಿಂತ ಸುಮಾರು 13% ಜಾಸ್ತಿ ಎಳೆತ ಸಿಗುತ್ತೆ. ಅಮೆರಿಕದ ಕೊಲೊರಾಡೊದಲ್ಲಿ ಐ-70 ಹೆದ್ದಾರಿಯ ಐಸೆನ್‌ಹೋವರ್ ಸುರಂಗದ ಏರು ಹತ್ತೋವಾಗ ಈ ವ್ಯತ್ಯಾಸ ಕಾಲಿಗೇ ಗೊತ್ತಾಗುತ್ತೆ. ಟ್ರೇಲರ್ ಇಲ್ಲದೆ ಬರೀ ಆಫೀಸಿಗೆ ಓಡಾಡೋರಿಗೆ 3.31 ಸಾಕು, ಪೆಟ್ರೋಲೂ ಉಳಿಯುತ್ತೆ.

ಟೈರ್ ಮರೀಬೇಡಿ! ಹೋದ ವಾರ ನಾನು ನೋಡಿದ 3.73 ಗಾಡಿಗೆ 31 ಇಂಚಿನ ಬದಲು 35 ಇಂಚಿನ ಟೈರ್ ಹಾಕಿದ್ರು. ಟೈರ್ ದೊಡ್ಡದಾದಷ್ಟೂ ಎಳೆತ ಕಡಿಮೆ, ಲೆಕ್ಕ ಹಾಕಿದ್ರೆ ಅದು 3.30ಕ್ಕೆ ಸಮ, ಅನುಕೂಲ ಅಷ್ಟೂ ಹೋಯ್ತು. ಆಮೇಲೆ ಗೇರ್ ಬದಲಾಯಿಸೋಣ ಅಂದ್ರೆ ಫೋರ್ ವೀಲ್ ಡ್ರೈವ್‌ನಲ್ಲಿ ಮುಂದಿನ ಆಕ್ಸಲ್‌ಗೂ ಅದೇ ರೇಶಿಯೊ ಹಾಕಿಸಬೇಕು, ದುಬಾರಿ ಕೆಲಸ.

ಡ್ರೈವರ್ ಬಾಗಿಲು ತೆಗೆದ್ರೆ ಚೌಕಟ್ಟಿನ ಮೇಲೆ ಸ್ಟಿಕ್ಕರ್ ಇದೆ, ಅದರಲ್ಲಿ 'ಆಕ್ಸಲ್' ಅನ್ನೋ ಕಡೆ ಎರಡಕ್ಷರದ ಕೋಡ್. ಫೋಟೋ ಇಲ್ಲಿ ಹಾಕಿ, ರೇಶಿಯೊ ಎಷ್ಟು ಅಂತ ನೋಡಿ ಹೇಳ್ತೀನಿ.